ಒಂದನೇ ಕಿಟಕಿಯ ಇನಿಯಮ್ಮ

ಜನನ ನೋಂದಣಿ ಕಚೇರಿಯ ಒಂದನೇ ಕಿಟಕಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದ ಆಕೆಯನ್ನು ಎಲ್ಲರೂ ಇನಿಯಮ್ಮ ಎಂದೇ ಕರೆಯುತ್ತಿದ್ದರು. ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಅವಳ ಸ್ವಂತ ಹೆಸರು ಅವಳಿಗೂ ನೆನಪಾಗುತ್ತಿರಲಿಲ್ಲ. ಆ ಅಡ್ಡಹೆಸರು ಅಂಟಿಕೊಂಡದ್ದಕ್ಕೆ ಕಾರಣವಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಗಾರೆ ಕೆಲಸದವನೊಬ್ಬ ಸಿಮೆಂಟಿನ ಕೈಯಲ್ಲಿ ಅರ್ಜಿ ಹಿಡಿದು ಬಂದಿದ್ದ. ಹೆಣ್ಣು ಮಗು, ಮೂರು ವಾರವಾಗಿದೆ, ಹೆಸರಿನ ಜಾಗ ಮಾತ್ರ ಖಾಲಿ. "ಏನೂ ತೋಚ್ತಿಲ್ಲ ಮೇಡಂ, ನೀವೇ ಏನಾದ್ರೂ ಬರ್ಕೊಳ್ಳಿ" ಅಂದಿದ್ದ. ಅವಳ ಬಾಯಿಗೆ ಅದೆಲ್ಲಿಂದ ಬಂತೋ, "ಸೌದಾಮಿನಿ ಅಂತ ಇಡಿ" ಅಂದುಬಿಟ್ಟಳು. ಅವನು ಅದನ್ನು ನಾಲ್ಕು ಸಲ ಹೇಳಿ ನೋಡಿದ. ಐದನೇ ಸಲಕ್ಕೆ ಅವನ ಕಣ್ಣು ತುಂಬಿತ್ತು. ಮರುದಿನ ಅವನ ಜೊತೆಯ ಕೆಲಸಗಾರ ಬಂದ. ಅವನ ಮಗಳು ತರಂಗಿಣಿಯಾದಳು. ಆಮೇಲೆ ಸಾಲು ನಿಂತೇ ಬಿಟ್ಟಿತು. ಸುಹಾಸಿನಿ, ಯಾಮಿನಿ, ಮಂದಾಕಿನಿ, ಕಲ್ಲೋಲಿನಿ, ಸುಭಾಷಿಣಿ. ಯಾವ ಹೆಸರಾದರೂ ಸರಿ, ಕೊನೆಗೆ 'ಇನಿ' ಎಂದೋ 'ಇಣಿ' ಎಂದೋ ಮುಗಿಯಬೇಕು.

"ಹೆಣ್ಣು ಮಕ್ಕಳ ಹೆಸರು ಕೂಗಿದ್ರೆ ಬೀದಿ ತುದಿ ತನಕ ಹೋಗ್ಬೇಕು" ಎನ್ನುತ್ತಿದ್ದಳು. "ಬಾಯಿ ತುಂಬ ಎಳೆಯೋ ಹಾಗಿರ್ಬೇಕು. ಇನೀ... ನೋಡಿ, ಎಷ್ಟು ದೂರ ಹೋಯ್ತು!"

ಸಂಜೆ ಬಸ್ಸಿಗೆ ಕಾಯುವಾಗ ಯಾವ ತಾಯಿಯಾದರೂ ಮಹಡಿಯಿಂದ 'ಇನೀ' ಎಂದು ಕೂಗಿದರೆ ಬೀದಿಯಲ್ಲಿ ಆಡುತ್ತಿದ್ದ ಐದು ಹುಡುಗಿಯರು ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಅದನ್ನು ಕಂಡರೆ ಇನಿಯಮ್ಮನ ಎದೆ ಒಂದು ಗೇಣು ಉಬ್ಬುತ್ತಿತ್ತು. ಬಸ್ಸು ತಪ್ಪಿದರೂ ಬೇಸರವಿರುತ್ತಿರಲಿಲ್ಲ.

ಹೀಗಿರುವಾಗ ಎರಡನೇ ಕಿಟಕಿಗೆ ಹೊಸಬಳೊಬ್ಬಳು ಬಂದಳು. ಪೂರ್ತಿ ಹೊಸಬಳೇನಲ್ಲ. ಹಜಾರದ ಆ ಕೊನೆಯಲ್ಲಿ ಮರಣ ನೋಂದಣಿಯ ಮೇಜಿನಲ್ಲಿ ಮೂರು ವರ್ಷ ಕೂತು, ಇಲ್ಲಿಗೆ ವರ್ಗವಾಗಿ ಬಂದವಳು. ವಯಸ್ಸು ಮೂವತ್ತು ದಾಟಿರಲಿಲ್ಲ. ಜನ ಅವಳನ್ನು ಚಿಕ್ಕ ಮೇಡಂ ಅಂದರು.

"ಅಕ್ಕಾ, ನಿಮ್ಮ ಪಕ್ಕ ಕೂರೋದು ನನ್ನ ಪುಣ್ಯ. ನಿಮ್ಮ ಹತ್ರ ಕಲೀಬೇಕು" ಎಂದು ಅವಳು ಮೊದಲ ದಿನವೇ ಹೇಳಿದಳು.

"ಕಲಿಯೋಕೇನಿದೆಯಮ್ಮ, ಸೀಲು ಒತ್ತೋದು ಅಷ್ಟೆ" ಎಂದು ಇನಿಯಮ್ಮ ದೊಡ್ಡತನ ತೋರಿಸಿದಳು. ಆದರೆ ಆ ಮಾತು ಸಿಹಿಯಾಗಿ ಒಳಗಿಳಿದಿತ್ತು.

ಎರಡು ವಾರ ಎಲ್ಲ ಸರಿಯಿತ್ತು. ಮೂರನೆಯ ವಾರ ಎರಡನೇ ಕಿಟಕಿಯ ಮುಂದೆ ಒಬ್ಬ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಚಿಕ್ಕ ಮೇಡಂ ಅವಳನ್ನು ಏನೇನೋ ಕೇಳುತ್ತಿದ್ದಳು: ಮಗು ಹೊಟ್ಟೆಯಲ್ಲಿದ್ದಾಗ ಏನು ಇಷ್ಟವಾಗುತ್ತಿತ್ತು, ಯಾವ ಹೂವು, ಯಾವ ಬಣ್ಣ, ಮನೆಯಲ್ಲಿ ಯಾರ ಮೇಲೆ ಪ್ರೀತಿ ಜಾಸ್ತಿ. ಹೆಂಗಸು ನಾಚುತ್ತ ಮಲ್ಲಿಗೆ ಅಂದಳು. "ಹಾಗಾದ್ರೆ ಯೂಥಿಕಾ ಅಂತ ಇಡೋಣ್ವಾ? ಅದೂ ಮಲ್ಲಿಗೇನೇ" ಎಂದು ಚಿಕ್ಕ ಮೇಡಂ ಕೇಳಿದ್ದೇ ತಡ, ಆ ತಾಯಿಯ ಮುಖ ಅರಳಿದ್ದು ಇನಿಯಮ್ಮನಿಗೆ ಕಡೆಗಣ್ಣಿನಲ್ಲೇ ಕಂಡಿತು.

ಅಲ್ಲಿಂದ ಶುರುವಾಯಿತು. ಭೂಮಿಕಾ, ಗೀತಿಕಾ, ವೇದಿಕಾ, ಲತಿಕಾ. ಮೂರು ತಿಂಗಳಲ್ಲಿ ಎರಡನೇ ಕಿಟಕಿಯ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಹೋಯಿತು. ಒಂದನೇ ಕಿಟಕಿಗೆ ಬರುವವರು ಗಂಡು ಮಕ್ಕಳ ಅಪ್ಪಂದಿರು, ಇಲ್ಲವೇ ಸಾಲು ನೋಡಿ ಸುಸ್ತಾದವರು. ಇನಿಯಮ್ಮ ಅವರ ಅರ್ಜಿಯ ಮೇಲೆ ಸೀಲು ಒತ್ತುವ ಸದ್ದಿಗೆ ಮೇಜಿನ ಮೇಲಿನ ನೀರಿನ ಲೋಟ ಕುಣಿಯುತ್ತಿತ್ತು.

"ಇಕಾ, ಇಕಾ! ಬಿಕ್ಕಳಿಕೆ ಬಂದ ಹಾಗಿದೆ" ಎಂದು ಅವಳು ಟೀ ತರುವ ಮುದುಕನ ಮುಂದೆ ಮೂಗು ಮುರಿದಳು. "ನಾಳೆ ಯಾರಿಗಾದ್ರೂ ಬಿಕ್ಕಳಿಕಾ ಅಂತಾನೂ ಇಡ್ತಾಳೆ, ನೋಡ್ತಿರಿ."

ಮುದುಕ ಲೋಟ ಇಡುತ್ತ, "ಅಮ್ಮಾವ್ರೇ, ನನ್ನ ಮೊಮ್ಮಗಳಿಗೂ ಮೊನ್ನೆ ಅವರ ಹತ್ರಾನೇ ಹೆಸರು ಕೇಳಿದ್ವಿ. ಸಾರಿಕಾ. ಚೆನ್ನಾಗಿದೆ ಅಲ್ವಾ?" ಅಂದ.

ಇನಿಯಮ್ಮ ಚೆನ್ನಾಗಿದೆ ಎಂದು ತಲೆಯಾಡಿಸಿದಳು, ಬೇರೆ ದಾರಿಯಿರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿಕೊಂಡಳು. ಅವನು ಪತ್ರಿಕೆಯಿಂದ ತಲೆ ಎತ್ತದೆ "ನಿನಗೆ ಕೆಲಸ ಕಮ್ಮಿ ಆಯ್ತಲ್ಲ, ಬಿಡು" ಅಂದ. ಆ ಮನುಷ್ಯ ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದ. ಅವರಿಗೆ ಮಗಳು ಹುಟ್ಟಿದಾಗಲೂ ಅಲ್ಲೇ ಕೂತಿದ್ದ. ಅವನ ತಾಯಿ ಆಸ್ಪತ್ರೆಯ ಬಾಗಿಲಲ್ಲೇ ತನ್ನ ಸತ್ತ ತಾಯಿಯ ಹೆಸರನ್ನು ಮಗುವಿಗೆ ಇಟ್ಟುಬಿಟ್ಟಿದ್ದಳು. ಎರಡೇ ಅಕ್ಷರ, ಬಾಗಿಲು ಧಡಾರ್ ಎಂದು ಮುಚ್ಚಿದ ಹಾಗೆ. ಹೆತ್ತವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವಳೂ ಎದುರಾಡಲಿಲ್ಲ. ಆ ಹೆಸರು ನಾಲಿಗೆಗೆ ಹತ್ತದೆ ಇವತ್ತಿಗೂ ಮಗಳನ್ನು ಪುಟ್ಟಿ ಎಂದೇ ಕರೆಯುತ್ತಾಳೆ. ಕಚೇರಿ ಕೆಲಸ ಸಿಕ್ಕಿದ್ದು ಅದಾಗಿ ಒಂದು ವರ್ಷಕ್ಕೆ.

ಆ ಪುಟ್ಟಿ ಈಗ ಬಸುರಿ. ಕನ್ನಡಕದ ಅಂಗಡಿಯಲ್ಲಿ ಕೆಲಸ, ಗಂಡ ಲಿಫ್ಟ್ ರಿಪೇರಿ ಮಾಡುವವನು, ಎರಡು ಬೀದಿ ಆಚೆ ಮೂರನೇ ಮಹಡಿಯಲ್ಲಿ ಮನೆ. ಹೆಣ್ಣು ಮಗುವೇ ಆಗಲಿ ಎಂದು ಇನಿಯಮ್ಮ ಯಾರಿಗೂ ಹೇಳದೆ ಆಸೆಪಟ್ಟಳು. ಸಾಲು ಖಾಲಿಯಾದರೇನು, ಈ ಒಂದು ಹೆಸರು ತನ್ನ ಕೈತಪ್ಪಿ ಎಲ್ಲಿಗೆ ಹೋದೀತು ಅಂದುಕೊಂಡಿದ್ದಳು.

ಹೆಣ್ಣೇ ಆಯಿತು. ಆಸ್ಪತ್ರೆಯ ಮಂಚದ ಪಕ್ಕ ಕೂತು, ಗುಲಾಬಿ ಬಣ್ಣದ ಆ ಪುಟ್ಟ ಮುಷ್ಟಿಯೊಳಗೆ ತನ್ನ ಬೆರಳು ತೂರಿಸಿ, ಹೇಗೆ ಶುರು ಮಾಡುವುದೆಂದು ಇನಿಯಮ್ಮ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಮಗಳೇ ಹೇಳಿದಳು.

"ಹೆಸರು ಆಯ್ತಮ್ಮ. ಹಂಸಿಕಾ."

"ಯಾರು ಹೇಳಿದ್ದು?"

"ನಿಮ್ಮ ಆಫೀಸಲ್ಲೇ. ಚಿಕ್ಕ ಮೇಡಂ. ಹೋದ ತಿಂಗಳು ಬಂದಿದ್ದೆ, ಹೆಣ್ಣಾದ್ರೆ ಅಂತ ಕೇಳಿಟ್ಕೊಂಡೆ."

"ನಾನು ನೋಡ್ಲೇ ಇಲ್ವಲ್ಲ?"

ಪುಟ್ಟಿ ಹೊದಿಕೆ ಸರಿಮಾಡಿದಳು. "ನೀನು ಊಟಕ್ಕೆ ಹೋಗಿದ್ದೆ."

ಇನಿಯಮ್ಮನ ಊಟದ ವೇಳೆ ಒಂದೂವರೆಯಿಂದ ಎರಡು, ಗಡಿಯಾರ ಬೇಕಾದರೆ ತಪ್ಪೀತು, ಅದು ತಪ್ಪುವುದಿಲ್ಲ. ಅದು ಮಗಳಿಗೆ ಗೊತ್ತು. ಅಂದರೆ ಅಮ್ಮ ಎದ್ದು ಹೋಗಲಿ ಎಂದು ಕಾದಿದ್ದಾಳೆ. ಊರಿನವರು ಹೋದರೆ ಹೋಗಲಿ, ಹೆತ್ತ ಮಗಳು ಹೋಗಿ ಆ ಸಾಲಿನಲ್ಲಿ ನಿಂತಳಲ್ಲ! "ಚೆನ್ನಾಗಿದೆ" ಎಂದು ಹೇಳಿ ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಹೊರಗೆ ಬಂದಳು. ನಲ್ಲಿಯ ಕೆಳಗೆ ಅದನ್ನು ಹದಿನೈದು ನಿಮಿಷ ತೊಳೆದಳು.

ಅಳಿಯನಿಗೆ ಆ ವಾರ ಯಾವುದೋ ದೊಡ್ಡ ಕಟ್ಟಡದಲ್ಲಿ ಕೆಲಸ. ನೋಂದಣಿಗೆ ಬರಲು ಅವನಿಗೆ ಪುರುಸೊತ್ತಿರಲಿಲ್ಲ. "ಕೊಡಿ, ನಾನೇ ಮಾಡಿಸ್ತೀನಿ" ಎಂದು ಇನಿಯಮ್ಮ ಅರ್ಜಿ ತೆಗೆದುಕೊಂಡಳು. ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದೇ ಅವಳು ಆಮೇಲೂ ಆಣೆ ಮಾಡುತ್ತಿದ್ದಳು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ನೋಂದಣಿ ಪುಸ್ತಕ ಬಿಡಿಸಿದಳು. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ವೇಳೆ, ತೂಕ ಎಲ್ಲವನ್ನೂ ತನ್ನ ದುಂಡು ಅಕ್ಷರದಲ್ಲಿ ತುಂಬಿದಳು. ಮಗುವಿನ ಹೆಸರಿನ ಕಡೆಗೆ ಬಂದಾಗ ಪಕ್ಕದ ಕಿಟಕಿಯಲ್ಲಿ ನಗು ಕೇಳಿಸಿತು. ಯಾವುದೋ ಅಜ್ಜಿ ಚಿಕ್ಕ ಮೇಡಮ್ಮಿನ ಕೆನ್ನೆ ಸವರಿ "ನಿಮ್ಮ ಬಾಯಿಗೆ ಸಕ್ಕರೆ ಹಾಕ" ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷ ಆ ಮಾತು ಈ ಕಿಟಕಿಯಲ್ಲಿ ಕೇಳಿಸುತ್ತಿತ್ತು. ಇನಿಯಮ್ಮ ಹಂ ಎಂದು ಬರೆದಳು. ಸಿ ಎಂದು ಬರೆದಳು. ಲೇಖನಿ ಒಂದು ಕ್ಷಣ ನಿಂತಿತು. ಆಮೇಲೆ 'ಕಾ' ಬರೆಯಬೇಕಾದಲ್ಲಿ 'ನಿ' ಬರೆದು ಪುಟ ಮಗುಚಿದಳು. ಹಂಸಿನಿ. ಒಂದೇ ಒಂದು ಅಕ್ಷರ. ಕೈತಪ್ಪು ಅಂದರೆ ಯಾರು ಇಲ್ಲವೆನ್ನುತ್ತಾರೆ?

ಊಟದ ತನಕ ಅವಳಿಗೆ ಹಗುರವೆನಿಸಿತು. ಊಟವಾದ ಮೇಲೆ ಆ ಪುಟವನ್ನು ಮೂರು ಸಲ ತೆರೆದು ಮುಚ್ಚಿದಳು.

ಕಚೇರಿಯಲ್ಲಿ ಒಂದು ನಿಯಮವಿತ್ತು. ಸಂಜೆ ನಾಲ್ಕಕ್ಕೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅರ್ಜಿಗೆ ತಾಳೆ ನೋಡಿ ಸಹಿ ಹಾಕಬೇಕು. ಇಬ್ಬರ ಸಹಿ ಬಿದ್ದರೆ ಮಾತ್ರ ಮರುದಿನ ಪ್ರಮಾಣಪತ್ರ ಹೊರಬೀಳುತ್ತದೆ. ಪುಸ್ತಕದಲ್ಲಿ ಹೊಡೆದು ಬರೆಯುವ ಹಾಗಿಲ್ಲ, ತಿದ್ದಬೇಕಾದರೆ ಮಗುವಿನ ಹೆತ್ತವರ ಸಹಿಯಿರುವ ಅರ್ಜಿ ಬೇಕು. ಚಿಕ್ಕ ಮೇಡಂ ಪ್ರತಿಸಲದಂತೆ ಪುಟದ ಮೇಲೆ ಬೆರಳಿಟ್ಟು ಗುನುಗುತ್ತ ಓದಿಕೊಂಡು ಬಂದವಳು ಒಂದು ಕಡೆ ನಿಂತಳು.

"ಅಕ್ಕಾ, ಅರ್ಜೀಲಿ ಹಂಸಿಕಾ ಅಂತಿದೆ. ಇಲ್ಲಿ ನಿ ಆಗಿದೆ."

ಇನಿಯಮ್ಮ ಸೀಲುಗಳನ್ನು ಡಬ್ಬಿಗೆ ಹಾಕುತ್ತ, "ಮಗಳು ಬೆಳಿಗ್ಗೆ ಫೋನ್ ಮಾಡಿ ಬದಲಾಯಿಸು ಅಂದಳು" ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು.

"ಓ, ಹೌದಾ? ಹಾಗಾದ್ರೆ ಅರ್ಜೀಲೂ ತಿದ್ದಿ ಅವರ ಸಹಿ ಹಾಕಿಸಿಬಿಡಿ, ನಾನು ಆಮೇಲೆ ಹಾಕ್ತೀನಿ." ಚಿಕ್ಕ ಮೇಡಂ ಪುಸ್ತಕ ಮುಚ್ಚಿದಳು. ಆಮೇಲೆ ತಡೆಯಲಾಗದೆ, "ಆದ್ರೂ ಆಶ್ಚರ್ಯ ಅಕ್ಕಾ. ಆವತ್ತು ಬಂದಾಗ ನಾನೇ 'ಇನಿ' ಬರೋ ಹೆಸರು ಹೇಳಿದ್ದೆ, ನೀವು ಖುಷಿ ಪಡ್ತೀರಿ ಅಂತ. ಏನು ಬೇಕಾದ್ರೂ ಹೇಳಿ, ಅದೊಂದು ಬೇಡ ಅಂತ ಹಟ ಹಿಡಿದ್ರು..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಯಾಕಂತೆ?"

"ನನಗೆ ಗೊತ್ತಿಲ್ಲಕ್ಕಾ. ಅವರನ್ನೇ ಕೇಳಿ."

ಅವಳ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಅದನ್ನು ಹುಡುಕಿದ ಇನಿಯಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. ಒಂದು ಚೂರು ಕೊಂಕು ಸಿಕ್ಕಿದ್ದರೂ ದ್ವೇಷ ಮಾಡಲು ಅನುಕೂಲವಾಗುತ್ತಿತ್ತು.

ಪುಸ್ತಕದ ಹಂಸಿನಿಯನ್ನು ಮತ್ತೆ ಹಂಸಿಕಾ ಮಾಡುವ ತಿದ್ದುಪಡಿಯ ಅರ್ಜಿಯನ್ನು, ಕಾರಣದ ಜಾಗ ಖಾಲಿ ಬಿಟ್ಟು, ಚೀಲಕ್ಕೆ ಹಾಕಿಕೊಂಡು ನೇರ ಮಗಳ ಮನೆಗೆ ಹೋದಳು. ಆ ಕಟ್ಟಡದ ಲಿಫ್ಟ್ ಕೆಟ್ಟಿತ್ತು, ಲಿಫ್ಟ್ ರಿಪೇರಿಯವನು ವಾಸವಿರುವ ಕಟ್ಟಡದಲ್ಲೇ! ಮೂರು ಮಹಡಿ ಹತ್ತುವಷ್ಟರಲ್ಲಿ ಹೇಳಬೇಕೆಂದುಕೊಂಡ ಮಾತೆಲ್ಲ ಉಸಿರಿನ ಜೊತೆ ಹೋಯಿತು. ಒಳಗೆ ಕುರ್ಚಿಗಳ ಬೆನ್ನ ಮೇಲೆಲ್ಲ ಮಗುವಿನ ಬಟ್ಟೆಗಳು ಒಣಗುತ್ತಿದ್ದವು. ಮಗು ಅಂಗಾತ ಮಲಗಿತ್ತು. ಪುಟ್ಟಿ ಅದರ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದಳು.

"ಒಂದು ಸಹಿ ಬೇಕಿತ್ತು" ಅಂದಳು ಇನಿಯಮ್ಮ. "ಆಫೀಸಲ್ಲಿ ಒಂದು ಅಕ್ಷರ ತಪ್ಪಾಗಿದೆ."

ಪುಟ್ಟಿ ಕಾಗದ ಓದಿದಳು. ಓದಿ ತಲೆ ಎತ್ತಿದಳು. "ಯಾರು ಬರೆದಿದ್ದು?"

ಇನಿಯಮ್ಮ ಚೀಲದಲ್ಲಿ ಲೇಖನಿ ಹುಡುಕತೊಡಗಿದಳು.

"ಅಮ್ಮಾ, ನಿನ್ನ ಅಕ್ಷರ ತಪ್ಪಾಗಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಬೇಕಂತಾನೇ ಬರೆದೆ, ಅಲ್ವಾ?"

"ಹೌದು" ಅಂದಳು ಇನಿಯಮ್ಮ. ಹೇಳಿದ ಮೇಲೆ ಕೂರಲು ಜಾಗ ಹುಡುಕಿದಳು. ಒದ್ದೆ ಬಟ್ಟೆಯಿಲ್ಲದ ಕುರ್ಚಿ ಒಂದೂ ಇರಲಿಲ್ಲ. ನೆಲದ ಮೇಲೆ ಕೂತಳು.

"ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ. ಆದ್ರೆ ನೀನು ಹೋಗಿ ಅವಳ ಹತ್ರ... ನಾನು ಊಟಕ್ಕೆ ಹೋಗೋದನ್ನ ಕಾದು... ನನಗೆ ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಇನಿ ಬೇಡ ಅಂದೆಯಂತೆ? ನಾನು ಇಟ್ಟ ಹೆಸರಲ್ಲಿ ಏನು ಕಸ ಇತ್ತು?"

ಪುಟ್ಟಿ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ದನಿ ತಗ್ಗಿಸಿದಳು, ಮಗುವಿಗಾಗಿ.

"ಸ್ಕೂಲಲ್ಲಿ ನನ್ನ ಹಿಂದಿನ ಕ್ಲಾಸಲ್ಲಿ ಆರು ಜನ ಇನಿಗಳಿದ್ರು. ಮಾಲಿನಿ, ಹಾಸಿನಿ, ಯಾವುದೋ ನಾದಿನಿ..."

"ನಾದಿನಿ ಅಲ್ಲ, ನಿನಾದಿನಿ" ಅಂದಳು ಇನಿಯಮ್ಮ, ಅಭ್ಯಾಸಬಲದಿಂದ.

"ನೋಡು! ಅದು ನೆನಪಿದೆ ನಿನಗೆ. ಅವರೆಲ್ಲ ಬಂದು ಹೇಳೋರು, ನಿಮ್ಮಮ್ಮನೇ ನಮಗೆ ಹೆಸರಿಟ್ಟಿದ್ದಂತೆ, ಎಷ್ಟು ಚೆನ್ನಾಗಿದೆ ಅಂತ. ಆಮೇಲೆ ನನ್ನ ಹೆಸರು ಕೇಳೋರು. ಹೇಳಿದ್ರೆ ನಗೋರು. ಊರಲ್ಲಿ ಯಾರದೋ ಮಕ್ಕಳಿಗೆಲ್ಲ ಹುಡುಕಿ ಹುಡುಕಿ ಇಟ್ಟೆ, ಸ್ವಂತ ಮಗಳಿಗೆ ಸತ್ತು ಹೋದ ಮುದುಕಿ ಹೆಸರು. ಅದನ್ನೂ ನೀನು ಕರೀಲಿಲ್ಲ. ಪುಟ್ಟಿ ಅಂತೆ ಪುಟ್ಟಿ! ನನಗೆ ಆ ಹುಡುಗಿಯರನ್ನ ಕಂಡ್ರೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಹಾಸಿನಿ ಜಡೆ ಎಳೆದು ಟೀಚರ್ ಹತ್ರ ಏಟು ತಿಂದಿದ್ದೀನಿ. ಯಾಕೆ ಅಂತ ಮನೇಲಿ ಹೇಳ್ಲಿಲ್ಲ."

ಇನಿಯಮ್ಮ ತನ್ನ ಹೊಟ್ಟೆಕಿಚ್ಚು ಈಚಿನ ಕೆಲವು ತಿಂಗಳಿನದು, ತನಗೊಬ್ಬಳಿಗೇ ಬಂದದ್ದು ಅಂದುಕೊಂಡಿದ್ದಳು. ಅದೇ ಕಿಚ್ಚು ಈ ಹುಡುಗಿಯೊಳಗೆ ಶಾಲೆಗೆ ಹೋಗುವ ವಯಸ್ಸಿನಿಂದ ಉರಿದಿದೆ, ಅದೂ ತನ್ನ ಕಿಟಕಿಯಿಂದ ಹಾರಿದ ಕಿಡಿಯಿಂದ.

"ಆ ಹೆಸರು ನಾನಿಟ್ಟಿದ್ದಲ್ಲ ಪುಟ್ಟಿ" ಅಂದಳು. "ನಿನ್ನ ಅಜ್ಜಿ ಇಟ್ಟರು. ನಾನು ಕಣ್ಣು ಬಿಡೋದ್ರೊಳಗೆ ಆಗಿಹೋಗಿತ್ತು. ನಿಮ್ಮಪ್ಪ ಪತ್ರಿಕೆ ಓದ್ತಿದ್ರು."

"ಒಂದು ದಿನಾನೂ ಹೇಳ್ಲಿಲ್ವಲ್ಲ?"

"ಅಜ್ಜಿ ಬದುಕಿದ್ರು. ಆಮೇಲೆ... ಆಮೇಲೆ ಅಭ್ಯಾಸ ಆಗೋಯ್ತು. ಊರವರಿಗೆಲ್ಲ ಇಟ್ಟೆ ಅಂದೆಯಲ್ಲ, ನಿನಗೆ ಇಡೋಕಾಗ್ದೇ ಇದ್ದಿದ್ದಕ್ಕೇ ಇಟ್ಟೆನೋ ಏನೋ. ನನಗೂ ಗೊತ್ತಿಲ್ಲ."

ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

"ಏನಂತ ಇಡ್ಬೇಕು ಅಂತಿದ್ದೆ ನನಗೆ?" ಪುಟ್ಟಿ ಬೇರೆಲ್ಲೋ ನೋಡುತ್ತ ಕೇಳಿದಳು.

ಆ ಹೆಸರನ್ನು ಇನಿಯಮ್ಮ ಯಾವ ಅರ್ಜಿಗೂ ಕೊಟ್ಟಿರಲಿಲ್ಲ, ಗಟ್ಟಿಯಾಗಿ ಹೇಳಿಯೂ ಇರಲಿಲ್ಲ. "ಕಾದಂಬಿನಿ. ಅಂದ್ರೆ ಮೋಡದ ಸಾಲು."

ಪುಟ್ಟಿ ಅದನ್ನು ತುಟಿಯಲ್ಲೇ ಹೇಳಿ ನೋಡಿದಳು. ಇನ್ನೊಮ್ಮೆ ಹೇಳಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಇನಿಯಮ್ಮ ಗಾಬರಿಯಿಂದ ಎದ್ದಳು. ಅಳುವಲ್ಲ, ನಗು.

"ಅಯ್ಯೋ ಅಮ್ಮಾ! ಸ್ಕೂಲಲ್ಲಿ ಎಲ್ಲರೂ ಕಾದಂಬರಿ, ಕಾದಂಬರಿ ಅಂತ ಕೂಗಿ ಸಾಯಿಸ್ತಿದ್ರು ನನ್ನ. ಅದಕ್ಕಿಂತ ಆ ಮುದುಕಿ ಹೆಸರೇ ವಾಸಿ!"

ಇನಿಯಮ್ಮನಿಗೆ ಒಂದು ಕ್ಷಣ ಕೆನ್ನೆಗೆ ಹೊಡೆದ ಹಾಗಾಯಿತು. ಇಪ್ಪತ್ತೇಳು ವರ್ಷ ಮುಚ್ಚಿಟ್ಟ ಹೆಸರು! ಆದರೆ ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅದನ್ನು ನೋಡಿ ಅವಳಿಗೂ ನಗು ಉಕ್ಕಿತು. ಮಗು ಎಚ್ಚರವಾಗಿ ಚೀರಿದಾಗಲೇ ಇಬ್ಬರೂ ನಿಲ್ಲಿಸಿದ್ದು.

ಪುಟ್ಟಿ ಮಗುವನ್ನು ಎತ್ತಿಕೊಂಡಳು. ನಗು ಇಳಿದ ಮೇಲೆ ಅವಳ ಮುಖ ಮತ್ತೆ ಬಿಗಿಯಿತು. "ಸಹಿ ಹಾಕ್ತೀನಿ. ಹಂಸಿಕಾ ಅಂತಾನೇ ಇರ್ಬೇಕು. ಆದ್ರೆ ಕಾರಣದ ಜಾಗದಲ್ಲಿ ಕೈತಪ್ಪು ಅಂತ ಬರೀಬೇಡ. ನನಗೆ ಸುಳ್ಳು ಹೇಳಿ ಸಹಿ ಹಾಕಿಸ್ಕೊಳ್ಳೋಕೆ ಬಂದೆಯಲ್ಲ, ಅದನ್ನ ಮರೆಯೋಕೆ ನನಗೆ ಸ್ವಲ್ಪ ದಿನ ಬೇಕು."

ಮರುದಿನ ಇನಿಯಮ್ಮ ಕಚೇರಿಗೆ ಹೋದವಳೇ ಸಾಹೇಬರ ಕೋಣೆಗೆ ಹೋಗಿ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಕಾರಣದ ಜಾಗದಲ್ಲಿ 'ಗುಮಾಸ್ತೆ ಬೇಕೆಂದೇ ಬೇರೆ ಹೆಸರು ಬರೆದದ್ದು' ಎಂದಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೇಡಂ, ಇದನ್ನ ಹೀಗೆ ಬರೆದ್ರೆ ನಾನು ಸುಮ್ಮನಿರೋಕಾಗಲ್ಲ. ಕೈತಪ್ಪು ಅಂತ ಹಾಕಿ, ಮುಗೀತು."

"ಹಾಗೆ ಬರೆಯೋ ಹಾಗಿಲ್ಲ ಸಾರ್. ಮಗಳು ಬೇಡ ಅಂದಿದ್ದಾಳೆ."

ಅವರು ಲಿಖಿತ ಎಚ್ಚರಿಕೆ ಕೊಟ್ಟರು. ಜೊತೆಗೆ ಅವಳನ್ನು ಹಜಾರದ ಕೊನೆಯ ಮೇಜಿಗೆ, ಮರಣ ನೋಂದಣಿಗೆ ಹಾಕಿದರು. ಒಂದನೇ ಕಿಟಕಿ ಚಿಕ್ಕ ಮೇಡಮ್ಮಿಗೆ ಹೋಯಿತು. ಅವಳು ಇನಿಯಮ್ಮನ ಸೀಲಿನ ಡಬ್ಬಿ, ಲೋಟ, ಬೆನ್ನಿಗೆ ಇಟ್ಟುಕೊಳ್ಳುವ ದಿಂಬು ಎಲ್ಲವನ್ನೂ ತಾನೇ ಹೊತ್ತು ತಂದು ಇಟ್ಟಳು. "ನಾನು ಸಾಹೇಬರಿಗೆ ಏನೂ ಹೇಳಿರಲಿಲ್ಲಕ್ಕಾ" ಎಂದು ಅಳು ಮೋರೆ ಮಾಡಿದಳು.

"ಗೊತ್ತಮ್ಮ. ಹೋಗು, ಸಾಲು ನಿಂತಿದೆ" ಅಂದಳು ಇನಿಯಮ್ಮ. ಅದು ಕೋಪದ ಮಾತೋ ಸಮಾಧಾನದ ಮಾತೋ ಅವಳಿಗೇ ತಿಳಿಯಲಿಲ್ಲ.

ಈ ಮೇಜಿಗೆ ಬರುವವರು ಹೆಸರು ಕೇಳುತ್ತಿರಲಿಲ್ಲ, ತಾವೇ ತರುತ್ತಿದ್ದರು. ಮೊದಲ ದಿನಗಳಲ್ಲಿ ಅವಳು ಬಾಯಿ ಬಿಚ್ಚದೆ ಬರೆದಳು. ಒಂದು ಮಧ್ಯಾಹ್ನ ಮುದುಕನೊಬ್ಬ ಹೆಂಡತಿಯ ಕಾಗದ ಹಿಡಿದು ಬಂದು, ಹೆಸರು ಓದಿ ಹೇಳುವಾಗ ತಡವರಿಸಿದ. ಇನಿಯಮ್ಮ ಬರೆಯುವುದನ್ನು ನಿಲ್ಲಿಸಿದಳು. "ನೀವು ಇವರನ್ನ ಮನೇಲಿ ಏನಂತ ಕರೀತಿದ್ರಿ?" ಎಂದು ಕೇಳಿದಳು. ಕಾಗದಕ್ಕೆ ಅದು ಬೇಕಿರಲಿಲ್ಲ. ಮುದುಕ ಕುರ್ಚಿ ಎಳೆದು ಕೂತು ಅರ್ಧ ಗಂಟೆ ಮಾತಾಡಿದ. ಇಷ್ಟು ವರ್ಷದ ಕೆಲಸದಲ್ಲಿ ತಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕೆಂದು ಅವಳಿಗೆ ಆಮೇಲೆ ಹೊಳೆಯಿತು. ಆ ಕಿಟಕಿಯಲ್ಲಿ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ, ಹೇಳುತ್ತಿದ್ದಳು ಅಷ್ಟೆ.

ಹಾಗೆಂದು ಹೊಟ್ಟೆಕಿಚ್ಚು ಹೋಯಿತೆಂದಲ್ಲ. ಮಗುವಿಗೆ ಮೂರು ತಿಂಗಳಾದಾಗ ಪುಟ್ಟಿ ಅದನ್ನು ಎತ್ತಿಕೊಂಡು ಕಚೇರಿಗೆ ಬಂದಳು. ಬಂದವಳು ಮೊದಲು ನಿಂತಿದ್ದು ಒಂದನೇ ಕಿಟಕಿಯಲ್ಲೇ. ಚಿಕ್ಕ ಮೇಡಂ ಹೊರಗೆ ಓಡಿ ಬಂದು ಮಗುವನ್ನು ಎತ್ತಿಕೊಂಡು, "ಹಂಸಿಕಾ, ಹಂಸಿಕಾ" ಎಂದು ಕುಣಿಸತೊಡಗಿದಳು. ಮಗು ಕಿಲಕಿಲ ನಕ್ಕಿತು. ಹಜಾರದ ಆ ಕೊನೆಯಲ್ಲಿ ಕೂತಿದ್ದ ಇನಿಯಮ್ಮ ಒಂದು ಸಾಲು ಬರೆದಳು, ಎರಡನೇ ಸಾಲು ಬರೆಯಲಾಗಲಿಲ್ಲ. ಲೇಖನಿ ಮುಚ್ಚಿ ಎದ್ದು, ಚಪ್ಪಲಿ ಸದ್ದು ಮಾಡುತ್ತ ಉದ್ದಕ್ಕೂ ನಡೆದು ಬಂದಳು.

"ಹಾಗಲ್ಲ ಎತ್ತೋದು, ಕುತ್ತಿಗೆ ಕೆಳಗೆ ಕೈ ಇಡ್ಬೇಕು. ಕೊಡಿಲ್ಲಿ."

"ಕುತ್ತಿಗೆ ನಿಂತಿದೆಯಮ್ಮ, ಮೂರು ತಿಂಗಳಾಯ್ತು" ಅಂದಳು ಪುಟ್ಟಿ.

"ನನಗೆ ಹೇಳಿಕೊಡ್ಬೇಡ" ಎಂದು ಇನಿಯಮ್ಮ ಮಗುವನ್ನು ಕಸಿದುಕೊಂಡು, ಊಟದ ಹೊತ್ತಿಗೆ ಇನ್ನೂ ಹತ್ತು ನಿಮಿಷವಿದ್ದರೂ ಹೊರಗಿನ ಬೆಂಚಿನ ಕಡೆಗೆ ನಡೆದಳು.